ನೆರಳು ಬೇಡದ ಫೋಟೋ, ನೆರಳೇ ಬೇಕಾದ ಫೋಟೋ

ಸ್ಟುಡಿಯೋದಲ್ಲಿ ನಾನು ಮೊದಲು ಕಲಿತದ್ದು ನೆರಳನ್ನು ಓಡಿಸುವ ಕೆಲಸ. ಕ್ಯಾಮೆರಾ ಕೈಗೆ ಬಂದದ್ದು ಆಮೇಲೆ. ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಊರೊಂದರಲ್ಲಿ, ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲಿದ್ದ ಸ್ಟುಡಿಯೋ ಅದು. ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಬೇಕಾಗಿದ್ದದ್ದು ಪಾಸ್‌ಪೋರ್ಟ್ ಸೈಜ್ ಫೋಟೋ. ಕಾಲೇಜಿನ ಅರ್ಜಿಗೆ, ಬ್ಯಾಂಕಿನ ಪಾಸ್‌ಬುಕ್ಕಿಗೆ, ಸೊಸೈಟಿ ಸಾಲಕ್ಕೆ. ನಿಜವಾದ ಪಾಸ್‌ಪೋರ್ಟಿಗೆ ಅಂತ ಬರುತ್ತಿದ್ದವರು ಅಪರೂಪ.

ಬಿಳಿ ಪರದೆಗೆ ಅಂಟಿಕೊಂಡಂತೆ ಯಾರನ್ನೂ ಕೂರಿಸಬಾರದು ಎಂದು ಯಜಮಾನರು ಮೊದಲ ದಿನವೇ ಹೇಳಿದರು. ಸ್ಟೂಲು ಪರದೆಯಿಂದ ನಾಲ್ಕು ಅಡಿ ಮುಂದೆ ಇರಬೇಕು. ಎಡಕ್ಕೊಂದು, ಬಲಕ್ಕೊಂದು ಅಂಬ್ರೆಲಾ ಲೈಟು. ಎರಡೂ ಒಂದೇ ಎತ್ತರ, ಒಂದೇ ಪವರ್, ಮುಖಕ್ಕೆ 45 ಡಿಗ್ರಿ ಓರೆ. ಹೀಗೆ ಇಟ್ಟರೆ ಮೂಗಿನ ಒಂದು ಬದಿಗೆ ಬೀಳುವ ನೆರಳನ್ನು ಇನ್ನೊಂದು ಬದಿಯ ಬೆಳಕು ತುಂಬಿಬಿಡುತ್ತದೆ. ತಲೆಯ ನೆರಳು ಪರದೆಯ ಮೇಲೆ ಬಿದ್ದರೂ ಫ್ರೇಮಿನ ಆಚೆ ಬೀಳುತ್ತದೆ. ಕನ್ನಡಕದ ಗಾಜು ಹೊಳೆದರೆ ಲೈಟನ್ನು ಸ್ವಲ್ಪ ಮೇಲೆತ್ತಬೇಕು. ಹಸುಗೂಸಾದರೆ ಬಿಳಿ ಬಟ್ಟೆ ಹಾಸಿ ಮಲಗಿಸಿ ಮೇಲಿನಿಂದ ತೆಗೆಯಬೇಕು. ಈಗ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅವರೇ ಫೋಟೋ ತೆಗೆದುಕೊಳ್ಳುತ್ತಾರೆ. ಆದರೂ ನಾಲ್ಕು ವರ್ಷದೊಳಗಿನ ಮಕ್ಕಳದ್ದನ್ನು ನಾವೇ ತೆಗೆಸಿಕೊಂಡು ಹೋಗಬೇಕು. 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರ, ಬಿಳಿ ಹಿನ್ನೆಲೆ. ಅಮೆರಿಕದ ವೀಸಾಗೆ ಎರಡಿಂಚು ಚೌಕ. ಅದರಲ್ಲಿ ಗಲ್ಲದಿಂದ ನೆತ್ತಿಯವರೆಗೆ 25ರಿಂದ 35 ಮಿಲಿಮೀಟರ್ ಇರಬೇಕು. 2016ರ ನವೆಂಬರಿನಿಂದ ಅದಕ್ಕೆ ಕನ್ನಡಕ ಹಾಕುವ ಹಾಗೂ ಇಲ್ಲ.

ಇಷ್ಟೊಂದು ನಿಯಮ ಯಾಕೆ ಅಂತ ನನಗೆ ಆಗ ಬಹಳ ಯೋಚನೆಯಾಗುತ್ತಿತ್ತು. ಈ ಫೋಟೋ ನೋಡುವವರು ಯಾರು ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ನಮ್ಮ ಪರಿಚಯವೇ ಇಲ್ಲದ ಒಬ್ಬ ಅಧಿಕಾರಿ, ಈಗಂತೂ ಒಂದು ಯಂತ್ರ. ಕಣ್ಣಿನಿಂದ ಕಣ್ಣಿಗೆ ಎಷ್ಟು ದೂರ, ಮೂಗಿನ ಅಂಚು ಎಲ್ಲಿ, ದವಡೆ ಎಲ್ಲಿ ತಿರುಗುತ್ತದೆ ಎಂದು ಅಳೆಯುವ ಯಂತ್ರ. ಗಲ್ಲದ ಕೆಳಗೆ ಗಾಢವಾದ ನೆರಳಿದ್ದರೆ ದವಡೆಯ ಅಂಚು ಎಲ್ಲಿ ಮುಗಿಯಿತೆಂದೇ ಗೊತ್ತಾಗುವುದಿಲ್ಲ. ಪ್ಯಾರಿಸ್ ಪೊಲೀಸ್ ಇಲಾಖೆಯಲ್ಲಿದ್ದ ಅಲ್ಫೋನ್ಸ್ ಬೆರ್ಟಿಯೋನ್ 1880ರ ದಶಕದಲ್ಲಿ ಆರೋಪಿಗಳ ಫೋಟೋಗೆ ಇಂಥದ್ದೇ ಕಟ್ಟುಪಾಡು ಮಾಡಿದ. ಎದುರಿನಿಂದ ಒಂದು, ಪಕ್ಕದಿಂದ ಒಂದು, ಎಲ್ಲರಿಗೂ ಒಂದೇ ದೂರ, ಒಂದೇ ಬೆಳಕು. ಆಗಲೇ ಒಂದು ಫೋಟೋವನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಲು ಬರುವುದು. ಇಲ್ಲಿ ಚೆಂದದ ಮಾತೇ ಇಲ್ಲ. ಗುರುತು ಸಿಗಬೇಕು, ಅಷ್ಟೇ.

ಆ ಸ್ಟುಡಿಯೋದಲ್ಲೇ ನಾನು ಮದುವೆ ಫೋಟೋಗೂ ಹೋಗತೊಡಗಿದೆ. ಕಲ್ಯಾಣ ಮಂಟಪದಲ್ಲಿ ಎರಡು ಬಗೆಯ ಕೆಲಸ ಒಟ್ಟಿಗೆ ನಡೆಯುತ್ತದೆ. ಒಂದನ್ನು ಟ್ರೆಡಿಷನಲ್ ಅನ್ನುತ್ತೇವೆ, ಇನ್ನೊಂದನ್ನು ಕ್ಯಾಂಡಿಡ್. ಮೊದಲನೆಯದರಲ್ಲಿ ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ ಒಂದೂ ತಪ್ಪಬಾರದು. ಆರತಕ್ಷತೆಯಲ್ಲಿ ಸಾಲಾಗಿ ಬಂದು ನಿಲ್ಲುವ ಪ್ರತಿಯೊಂದು ಗುಂಪೂ ಬೇಕು. ಯಾರ ಮುಖವೂ ಇನ್ನೊಬ್ಬರ ಹೆಗಲ ಹಿಂದೆ ಅಡಗಬಾರದು. ಯಾರ್ಯಾರು ಬಂದಿದ್ದರು ಎಂಬುದಕ್ಕೆ ಆ ಆಲ್ಬಮ್ಮೇ ದಾಖಲೆ. ಇಪ್ಪತ್ತು ವರ್ಷ ಕಳೆದ ಮೇಲೆ ಜನ ಅದನ್ನು ತೆಗೆದು ನೋಡುವುದು ಮದುಮಗಳ ನಗುವಿಗಾಗಿ ಮಾತ್ರ ಅಲ್ಲ. ತೀರಿಹೋದ ಚಿಕ್ಕಪ್ಪ ಯಾವ ಮೂಲೆಯಲ್ಲಿ ನಿಂತಿದ್ದರು ಅಂತ ಹುಡುಕಲಿಕ್ಕೆ. ಅದಕ್ಕೇ ಫ್ಲ್ಯಾಷನ್ನು ನೇರವಾಗಿ ಹೊಡೆಯದೆ ಚಾವಣಿಗೆ ಹೊಡೆದು, ಅಲ್ಲಿಂದ ಹರಡಿ ಬರುವ ಬೆಳಕಿನಲ್ಲಿ ಎಲ್ಲರ ಮುಖವೂ ಒಂದೇ ಸಮ ಕಾಣುವಂತೆ ತೆಗೆಯುತ್ತಿದ್ದೆವು. ಸ್ಟೇಜಿನಲ್ಲಿ ಎಲ್‌ಇಡಿ ಲೈಟುಗಳಿದ್ದರೆ ಫೋಟೋದಲ್ಲಿ ಕಪ್ಪು ಪಟ್ಟೆ ಬರುವುದುಂಟು. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಶಟರನ್ನು ಸೆಕೆಂಡಿನ ನೂರನೇ ಒಂದು ಭಾಗಕ್ಕೋ ಐವತ್ತನೇ ಒಂದು ಭಾಗಕ್ಕೋ ಇಟ್ಟರೆ ಹೆಚ್ಚಿನ ಮಟ್ಟಿಗೆ ಸರಿಹೋಗುತ್ತದೆ.

ಕ್ಯಾಂಡಿಡ್‌ನಲ್ಲಿ ಲೆಕ್ಕವೇ ಬೇರೆ. ಮದುಮಗಳ ಕೋಣೆಯ ಕಿಟಕಿಯಿಂದ ಒಂದೇ ಕಡೆಯಿಂದ ಬೆಳಕು ಬರುತ್ತಿರುತ್ತದೆ. ಜಡೆಗೆ ಮೊಗ್ಗು ಮುಡಿಸುತ್ತಿರುವಾಗ ಅವಳು ಕಿಟಕಿಯ ಕಡೆ ಕತ್ತು ಹೊರಳಿಸಿದಳೆಂದರೆ ಅರ್ಧ ಮುಖದಲ್ಲಿ ಬೆಳಕು, ಅರ್ಧದಲ್ಲಿ ನೆರಳು. ಆ ನೆರಳಿನಿಂದಲೇ ಕೆನ್ನೆಗೆ ದುಂಡು ಬರುವುದು, ಮೂಗುತಿ ಹೊಳೆಯುವುದು. ಅಂಥ ಒಂದು ಫೋಟೋವನ್ನು ದೊಡ್ಡದಾಗಿ ಹಾಕಿಸಿ ಕೊಟ್ಟಾಗ ಮದುಮಗಳ ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಏನೋ ತಮ್ಮಾ, ನಮ್ಮ ಹುಡುಗಿ ಅರ್ಧ ಮುಖ ಕಪ್ಪಾಗಿದೆಯಲ್ಲೋ. ಲೈಟು ಸಾಲಲಿಲ್ವಾ?"

"ಇಲ್ಲ ಅಜ್ಜಿ, ಬೇಕು ಅಂತಲೇ ಹಾಗೆ ತೆಗೆದದ್ದು," ಅಂದೆ.

ಅಜ್ಜಿಗೆ ಒಪ್ಪಿಗೆಯಾಗಲಿಲ್ಲ. ಮೊಮ್ಮಗಳಿಗೆ ಅದೇ ಫೋಟೋ ಪ್ರಾಣ. ಇಬ್ಬರೂ ಹೇಳಿದ್ದು ಸರಿ ಎಂದೇ ನನಗೆ ಈಗಲೂ ಅನಿಸುತ್ತದೆ. ಅಜ್ಜಿಗೆ ಮೊಮ್ಮಗಳ ಮುಖ ಬೇಕಿತ್ತು. ಮೊಮ್ಮಗಳಿಗೆ ಆ ಬೆಳಗಿನ ಗಳಿಗೆ ಬೇಕಿತ್ತು. ಎರಡು ಬೇರೆ ಬೇರೆ ಉದ್ದೇಶಕ್ಕೆ ಒಂದೇ ಫೋಟೋ ಆಗುವುದಿಲ್ಲ.

ಸಣ್ಣ ಊರಿನ ಸ್ಟುಡಿಯೋಗಳಲ್ಲಿ ಇನ್ನೊಂದು ಕೆಲಸವಿದೆ. ಫೋಟೋಗ್ರಫಿಯ ವಿಭಾಗಗಳು ಅಂತ ಪಟ್ಟಿ ಮಾಡುವವರು ಅದನ್ನು ಸೇರಿಸುವುದೇ ಇಲ್ಲ. ಮನೆಯಲ್ಲಿ ಒಬ್ಬರು ತೀರಿಕೊಂಡಿರುತ್ತಾರೆ. ವೈಕುಂಠ ಸಮಾರಾಧನೆಗೋ ತಿಥಿಗೋ ಹೂವಿನ ಹಾರ ಹಾಕಲು ಫೋಟೋ ಬೇಕು. ಮಗ ಒಂದು ಹಳೆಯ ಗ್ರೂಪ್ ಫೋಟೋ ಹಿಡಿದುಕೊಂಡು ಬರುತ್ತಾನೆ. "ಅಪ್ಪಂದು ಇದೊಂದೇ ಇರೋದು ಸರ್. ಎಡಗಡೆಯಿಂದ ಮೂರನೆಯವರು. ಬಿಡಿಸಿ ಕೊಡಿ." ಆ ಮುಖ ಹೆಬ್ಬೆರಳ ಉಗುರಿಗಿಂತ ಚಿಕ್ಕದಿರುತ್ತದೆ. ನಾಳಿದ್ದು ಬೆಳಿಗ್ಗೆಯೊಳಗೆ ಫ್ರೇಮ್ ಹಾಕಿ ಕೊಡಬೇಕು. ಮುಂದೆ ಆ ಮನೆಯ ಗೋಡೆಯ ಮೇಲೆ ಎಷ್ಟೋ ವರ್ಷ ಇರುವುದು ನಾವು ಮಾಡಿಕೊಟ್ಟ ಆ ಮುಖವೇ. ಈ ಕೆಲಸಕ್ಕೆ ಕೂತಾಗ ನಾನು ರೇಡಿಯೋ ಕೂಡ ಹಾಕುತ್ತಿರಲಿಲ್ಲ.

ಹಳೆಯ ಪ್ರಿಂಟುಗಳಲ್ಲಿ ಬಹಳಷ್ಟು ಸಿಲ್ಕ್ ಫಿನಿಶ್ ಕಾಗದದವು. ಮೇಲೆಲ್ಲ ಸಣ್ಣ ಸಣ್ಣ ಉಬ್ಬು. ಅದನ್ನು ಮತ್ತೆ ಫೋಟೋ ತೆಗೆದರೆ ಪ್ರತಿ ಉಬ್ಬೂ ಚುಕ್ಕಿಯಂತೆ ಹೊಳೆದು ಮುಖವೇ ಕಾಣುವುದಿಲ್ಲ. ಇದಕ್ಕೆ ಯಜಮಾನರು ಕಲಿಸಿದ ಉಪಾಯ ಹೀಗಿತ್ತು. ಪ್ರಿಂಟನ್ನು ಮೇಜಿನ ಮೇಲೆ ಸಪಾಟಾಗಿ ಇಡುವುದು. ಕ್ಯಾಮೆರಾ ನೆಟ್ಟಗೆ ಮೇಲಿನಿಂದ. ಎರಡೂ ಕಡೆ ಸಮನಾದ ಲೈಟು. ಲೈಟುಗಳ ಮುಂದೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೋಲರೈಸಿಂಗ್ ಹಾಳೆ, ಲೆನ್ಸಿನ ಮೇಲೆ ಪೋಲರೈಸರ್ ಫಿಲ್ಟರ್. ಫಿಲ್ಟರನ್ನು ನಿಧಾನ ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಹೊಳಪೆಲ್ಲ ಆರಿಹೋಗಿ ಕಾಗದದ ಒಳಗಿನ ಚಿತ್ರ ಮಾತ್ರ ಉಳಿಯುತ್ತದೆ.

ಒಂದು ಸಂಜೆ ಇಂಥ ಕೆಲಸ ಮಾಡುವಾಗ ಒಂದು ಕಡೆಯ ಲೈಟು ಆರಿತು. ಉಳಿದ ಲೈಟು ಸ್ಟ್ಯಾಂಡಿನಲ್ಲಿ ತೀರಾ ಕೆಳಗಿತ್ತು. ಕಾಗದದ ಮೇಲೆ ಅಲ್ಲಿಯವರೆಗೆ ಕಾಣದಿದ್ದದ್ದೆಲ್ಲ ಎದ್ದು ಬಂತು. ಗೀರು, ಮಡಿಕೆ, ಹಿಂದುಗಡೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದ ಅಕ್ಷರಗಳ ಉಬ್ಬು ಸಹ. ಅಕ್ಷರ ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡ ಹಾಗಿತ್ತು. ಮೊಬೈಲಿನಲ್ಲಿ ತೆಗೆದು ತಿರುಗಿಸಿ ನೋಡಿದರೆ ಊರಿನ ಹೆಸರೂ ಇಸವಿಯೂ ಓದಲು ಬಂತು. ಆ ಹೊತ್ತಿಗೆ ಅದರಿಂದ ನನಗೆ ಉಪಯೋಗವೇನೂ ಇರಲಿಲ್ಲ. ಆದರೆ ಮನಸ್ಸಿನಲ್ಲಿ ಕೂತುಬಿಟ್ಟಿತು.

ಸೀರೆ ಅಂಗಡಿಯವರ ಕೆಲಸ ಬಂದಾಗ ಇನ್ನೊಂದು ಬಗೆಯ ಪಾಠ. ಆನ್‌ಲೈನಿನಲ್ಲಿ ಮಾರುವವರಿಗೆ ಫೋಟೋ ಅಂದರೆ ಮಾತು ಕೊಟ್ಟ ಹಾಗೆ. ಇಳಕಲ್ ಸೀರೆಯ ಸೆರಗಿನ ಕೆಂಪು ಪರದೆಯ ಮೇಲೆ ಒಂದು ಥರ, ಕೈಗೆ ಬಂದಾಗ ಇನ್ನೊಂದು ಥರ ಇದ್ದರೆ ಸೀರೆ ವಾಪಸ್ ಬರುತ್ತದೆ. ಕಿಟಕಿಯ ಬೆಳಕು, ಟ್ಯೂಬ್‌ಲೈಟು ಎರಡೂ ಬೆರೆತರಂತೂ ಯಾವ ಬಣ್ಣವೂ ನಿಜವಾಗಿ ಬರುವುದಿಲ್ಲ. ಕಿಟಕಿ ಮುಚ್ಚಿ, ಒಂದೇ ಜಾತಿಯ ಲೈಟು ಹಾಕಿ, ಮೊದಲ ಫೋಟೋದಲ್ಲಿ ಸೀರೆಯ ಪಕ್ಕ ಬಣ್ಣದ ಚೌಕಗಳಿರುವ ಚಾರ್ಟ್ ಇಟ್ಟು ತೆಗೆಯಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಬೇಕು. ಅಮೆಜಾನ್‌ನಂಥ ಕಡೆ ಮುಖ್ಯ ಚಿತ್ರದ ಹಿನ್ನೆಲೆ ಅಪ್ಪಟ ಬಿಳಿ ಇರಬೇಕು. ವಸ್ತು ಚಿತ್ರದ ನೂರಕ್ಕೆ 85 ಭಾಗ ತುಂಬಿರಬೇಕು. ಆದರೆ ನೆರಳು ಪೂರ್ತಿ ಹೋದರೆ ನೇಯ್ಗೆಯೂ ಹೋಗುತ್ತದೆ. ಕಸೂತಿಯ ಹೊಲಿಗೆ ಬಟ್ಟೆಯಿಂದ ಮೇಲೆದ್ದಿದೆ ಎಂದು ಕಣ್ಣಿಗೆ ತಿಳಿಯುವುದೇ ಅದರ ಪಕ್ಕದ ಕೂದಲೆಳೆಯಷ್ಟು ನೆರಳಿನಿಂದ. ಹಾಗಾಗಿ ಇಡೀ ಸೀರೆಗೆ ಸಮನಾದ ಬೆಳಕು, ಸೆರಗಿನ ಹತ್ತಿರದ ಚಿತ್ರಕ್ಕೆ ಒಂದು ಕಡೆಯ ಲೈಟು ಇಳಿಸಿ ತೆಗೆಯುವುದು ಅಭ್ಯಾಸವಾಯಿತು.

ಊಟ ತಿಂಡಿಯ ಫೋಟೋ, ಮನೆಯ ಒಳಾಂಗಣದ ಫೋಟೋ ಇವನ್ನೂ ಅಷ್ಟಿಷ್ಟು ಮಾಡಿದೆ. ಅವುಗಳಲ್ಲಿ ನನಗೆ ಅಷ್ಟು ಮನಸ್ಸು ನಿಲ್ಲಲಿಲ್ಲ. ಹಕ್ಕಿಗಳ ಫೋಟೋದಲ್ಲಿ ನಿಂತಿತು. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತು, ಬಣ್ಣದ ಕೊಕ್ಕರೆಗಳು ಗೂಡಿಗೆ ಕಡ್ಡಿ ತರುವುದನ್ನು ನೋಡುವುದೇ ಒಂದು ಸುಖ. ಸಂಡೂರಿನ ಎಂ. ವೈ. ಘೋರ್ಪಡೆ ಅವರು ರಾಜ್ಯದ ಮಂತ್ರಿಯಾಗಿದ್ದವರು, ಕಾಡುಪ್ರಾಣಿಗಳ ಫೋಟೋಗೂ ಹೆಸರಾದವರು. ಟಿ. ಎನ್. ಎ. ಪೆರುಮಾಳ್, ಕೃಪಾಕರ-ಸೇನಾನಿ ಹೀಗೆ ನಮ್ಮಲ್ಲಿ ಈ ದಾರಿಯಲ್ಲಿ ನಡೆದ ದೊಡ್ಡವರು ಅನೇಕರಿದ್ದಾರೆ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತೂ 1971ರಿಂದ ಇದೆ. ಸ್ಪರ್ಧೆಗಳಲ್ಲಿ ನೇಚರ್ ಎಂಬ ವಿಭಾಗದ ನಿಯಮ ಓದಿದಾಗ ನನಗೆ ಬಹಳ ಹಿಡಿಸಿತು. ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ. ಇರುವುದನ್ನು ಅಳಿಸುವಂತಿಲ್ಲ, ಜಾಗ ಬದಲಿಸುವಂತಿಲ್ಲ. ಅಂಚು ಕತ್ತರಿಸಿ ಚಿಕ್ಕದು ಮಾಡಬಹುದು. ಹಕ್ಕಿಯ ಎದೆಯ ಮೇಲೆ ಕೊಂಬೆಯ ನೆರಳು ಬಿದ್ದಿದ್ದರೆ ಅದು ಅಲ್ಲೇ ಇರಬೇಕು. ಮದುವೆ ಆಲ್ಬಮ್ಮಿನಲ್ಲಿ ಮದುಮಗಳ ತಲೆಯ ಹಿಂದಿನ ಸ್ವಿಚ್ ಬೋರ್ಡನ್ನು ಅಳಿಸಿದರೆ ಎಲ್ಲರಿಗೂ ಸಂತೋಷ. ಹಕ್ಕಿಯ ಹಿಂದಿನ ಒಣಗಿದ ಕಡ್ಡಿಯೊಂದನ್ನು ಅಳಿಸಿದರೆ ಚಿತ್ರವೇ ಅನರ್ಹ. ಒಂದು ಮನೆಯವರ ನೆನಪಿಗಾಗಿ, ಇನ್ನೊಂದು ಪ್ರಕೃತಿಯಲ್ಲಿ ಹೀಗೆ ನಡೆಯಿತು ಎಂಬ ಸಾಕ್ಷಿಗಾಗಿ.

ಸಾಕ್ಷಿ ಅಂದಮೇಲೆ ಪೊಲೀಸರ ಕೆಲಸದ ಬಗ್ಗೆ ಹೇಳಬೇಕು. ಆಗೆಲ್ಲ ಮಹಜರು ಮಾಡುವಾಗ ಊರಿನ ಸ್ಟುಡಿಯೋದವರನ್ನೇ ಕರೆಯುತ್ತಿದ್ದರು. ಈಗ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಆಡಿಯೋ-ವಿಡಿಯೋದಲ್ಲಿ ದಾಖಲಿಸಲೇಬೇಕು, ಅದಕ್ಕೆ ಮೊಬೈಲೇ ಸಾಕು. ನಾನು ಹೋಗಿದ್ದು ಅದಕ್ಕಿಂತ ಮುಂಚೆ, ಯಜಮಾನರ ಜೊತೆ ಲೈಟು ಹಿಡಿಯಲು. ಅಲ್ಲಿ ಮೂರು ದೂರದಿಂದ ತೆಗೆಯುವುದು ಕ್ರಮ. ಇಡೀ ಜಾಗ ಕಾಣುವಂತೆ ದೂರದಿಂದ ಒಂದು. ವಸ್ತು ಎಲ್ಲಿದೆ ಎಂದು ತಿಳಿಯುವಂತೆ ಮಧ್ಯದಿಂದ ಒಂದು. ಆಮೇಲೆ ಹತ್ತಿರದಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು.

ಒಂದು ಅಂಗಡಿಯ ಕಳ್ಳತನವಾಗಿತ್ತು. ಹಿತ್ತಲಿನ ಹಸಿಮಣ್ಣಿನಲ್ಲಿ ಬೂಟಿನ ಗುರುತು. ಮೇಲೆ ನಿಂತು ಫ್ಲ್ಯಾಷ್ ಹೊಡೆದರೆ ಬರೀ ಕಂದು ಮಣ್ಣು ಕಾಣುತ್ತಿತ್ತು. ಯಜಮಾನರು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಗುರುತಿನ ನೆತ್ತಿಗೆ ನೆಟ್ಟಗೆ ನಿಲ್ಲಿಸಿದರು. ನನ್ನ ಕೈಗೆ ಕೊಡೆ ಕೊಟ್ಟು ಬಿಸಿಲು ಮರೆಮಾಡಲು ಹೇಳಿದರು. ಫ್ಲ್ಯಾಷನ್ನು ಬಿಚ್ಚಿ ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು ಒಂದು ಪಕ್ಕದಿಂದ ಹೊಡೆದರು. ಆಮೇಲೆ ಇನ್ನೊಂದು ಪಕ್ಕದಿಂದ, ಹಿಮ್ಮಡಿಯ ಕಡೆಯಿಂದ, ಬೆರಳಿನ ಕಡೆಯಿಂದ. ಅಡಿಭಾಗದ ಗೆರೆಗಳು, ಸವೆದ ಮೂಲೆ ಎಲ್ಲ ಪರದೆಯಲ್ಲಿ ಬಂತು. ಸಿಲ್ಕ್ ಕಾಗದದ ಮೇಲೆ ಅವತ್ತು ಕಂಡದ್ದೇ ಇಲ್ಲೂ ನಡೆದಿತ್ತು. ಇಲ್ಲಿ ಅದು ಬೇಕೆಂದೇ ಮಾಡಿದ ಕೆಲಸ.

ನನ್ನ ಸ್ವಂತ ಸ್ಟುಡಿಯೋ ಶುರುವಾದ ಮೇಲೆ ಹೈಸ್ಕೂಲಿನ ಇತಿಹಾಸದ ಮೇಷ್ಟ್ರೊಬ್ಬರು ಬಂದರು. ಸುತ್ತಲಿನ ಹಳ್ಳಿಗಳ ಶಾಸನ, ವೀರಗಲ್ಲುಗಳ ಫೋಟೋ ಬೇಕು ಎಂದರು. ನಮ್ಮ ಶಿಕಾರಿಪುರದ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಬಳ್ಳಿಗಾವಿ ಬನವಾಸಿ ನಾಡಿನ ದೊಡ್ಡ ಪಟ್ಟಣವಾಗಿತ್ತು. ಅಲ್ಲಿಂದ ತಾಳಗುಂದ ಹತ್ತಿರದಲ್ಲೇ ಇದೆ. ಅಲ್ಲಿ ಕದಂಬರ ಕಾಲದ ಸ್ತಂಭಶಾಸನವೇ ನಿಂತಿದೆ. ಶಾಸನತಜ್ಞ ಬಿ. ಎಲ್. ರೈಸ್ ಈ ತಾಲ್ಲೂಕಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಮಾಲೆಯ 7ನೇ ಸಂಪುಟದಲ್ಲಿ 1902ರಲ್ಲೇ ಅಚ್ಚು ಹಾಕಿಸಿದ್ದರು. ಆದರೆ ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಊರ ಬಾಗಿಲಲ್ಲಿ ನಿಂತ ಕಲ್ಲುಗಳು ದಿನದಿನಕ್ಕೂ ಸವೆಯುತ್ತಿವೆ. ಕೆಲವಕ್ಕೆ ಎಣ್ಣೆ ಹಚ್ಚುತ್ತಾರೆ, ಕೆಲವಕ್ಕೆ ಬಣ್ಣ ಬಳಿಯುತ್ತಾರೆ. ಇರುವಷ್ಟನ್ನು ಈಗಲೇ ಹಿಡಿದಿಡಬೇಕು ಎಂಬುದು ಮೇಷ್ಟ್ರ ಆತುರ. ಆ ಆತುರ ನನಗೂ ಅಂಟಿತು.

ಮದುವೆ ಫೋಟೋದವರಿಗೆ ಬೆಳಗಿನ ಎಳೆಬಿಸಿಲು ಬಂಗಾರ. ಮಧ್ಯಾಹ್ನದ ಬಿಸಿಲು ಯಾರಿಗೂ ಬೇಡ, ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಬೀಳುತ್ತದೆ. ಕಲ್ಲಿನ ಮುಂದೆ ಇದು ಪೂರ್ತಿ ತಿರುಗುಮುರುಗು. ಪೂರ್ವಕ್ಕೆ ಮುಖ ಮಾಡಿ ನಿಂತ ಕಲ್ಲಿಗೆ ಬೆಳಿಗ್ಗೆ ಎಂಟು ಗಂಟೆಯ ಬಿಸಿಲು ಎದುರಿನಿಂದ ಹೊಡೆಯುತ್ತದೆ. ಅಕ್ಷರವೇ ಇಲ್ಲದ ಬೋಳು ಬಂಡೆ ಕಂಡ ಹಾಗಾಗುತ್ತದೆ. ಅದೇ ಕಲ್ಲನ್ನು ಹನ್ನೊಂದೂವರೆಯ ಮೇಲೆ ನೋಡಬೇಕು. ಸೂರ್ಯ ನೆತ್ತಿಗೆ ಬಂದು, ಬಿಸಿಲು ಕಲ್ಲಿನ ಮೈಯನ್ನು ಸವರಿಕೊಂಡು ಇಳಿಯುತ್ತದೆ. ಆಗ ಒಂದೊಂದು ಗೀಟಿನೊಳಗೂ ನೆರಳು ತುಂಬಿ ಸಾಲು ಸಾಲಾಗಿ ಅಕ್ಷರ ಏಳುತ್ತವೆ. ಲೆಕ್ಕ ಸರಳ. ಒಂದು ಮಿಲಿಮೀಟರ್ ಆಳದ ಗೀಟಿಗೆ 45 ಡಿಗ್ರಿಯ ಬೆಳಕು ಕೊಡುವುದು ಒಂದೇ ಮಿಲಿಮೀಟರ್ ನೆರಳು. ಬೆಳಕನ್ನು 10 ಡಿಗ್ರಿಗೆ ಇಳಿಸಿದರೆ ನೆರಳು ಐದು ಮಿಲಿಮೀಟರಿಗಿಂತ ಜಾಸ್ತಿ. ಸವೆದ ಕಲ್ಲಿನಲ್ಲಿ ಓದುವವರಿಗೆ ಸಿಗುವುದು ಆ ನೆರಳೇ.

ಸಣ್ಣ ಕಲ್ಲುಗಳಿಗೆ ಫ್ಲ್ಯಾಷ್ ಸಾಕು. ನಾವು ಮಾಡುವ ಕ್ರಮ ಹೇಳುತ್ತೇನೆ. ಮೊದಲು ಮೆತ್ತನೆಯ ಬ್ರಷ್ಷು ಮತ್ತು ನೀರಿನಿಂದ ಧೂಳು ತೆಗೆಯುತ್ತೇವೆ. ಸುಣ್ಣ, ಸೀಮೆಸುಣ್ಣ, ಅರಿಶಿನ, ಹಿಟ್ಟು ಏನನ್ನೂ ತುಂಬುವುದಿಲ್ಲ. ಅಕ್ಷರ ಎದ್ದು ಕಾಣಲಿ ಅಂತ ಸೀಮೆಸುಣ್ಣದಲ್ಲಿ ತಿದ್ದುವವರು ತಮಗೆ ತೋಚಿದ ಅಕ್ಷರವನ್ನು ತಿದ್ದಿರುತ್ತಾರೆ. ಮುಂದೆ ಫೋಟೋ ನೋಡುವವರಿಗೆ ಅದೇ ನಿಜವಾಗಿಬಿಡುತ್ತದೆ. ಕಲ್ಲು ಒಣಗಿದ ಮೇಲೆ ಕ್ಯಾಮೆರಾವನ್ನು ಟ್ರೈಪಾಡಿನಲ್ಲಿ ಕಲ್ಲಿಗೆ ಸಮಾನಾಂತರವಾಗಿ ನಿಲ್ಲಿಸುತ್ತೇವೆ. ಸಂರಕ್ಷಿತ ಸ್ಮಾರಕವಾದರೆ ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಅದನ್ನು ಮೊದಲೇ ತೆಗೆದುಕೊಂಡಿರುತ್ತೇವೆ. ಪಕ್ಕದಲ್ಲಿ ಅಳತೆಪಟ್ಟಿ. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಅಂದರೆ ಐಎಸ್ಒ, 100; ಲೆನ್ಸಿನ ಬಾಯಿ, ಅಂದರೆ ಅಪರ್ಚರ್, ಎಫ್ 8. ಮೇಲೆ ದಪ್ಪ ಟಾರ್ಪಾಲು ಹಿಡಿದು ಬಿಸಿಲು ತಡೆಯುತ್ತೇವೆ. ಕತ್ತಲಾದ ಮೇಲೆ ಹೋದರೆ ಟಾರ್ಪಾಲೂ ಬೇಡ. ಊರಿನವರಿಗೆ ಮೊದಲೇ ಹೇಳಿರಬೇಕು. ನಿಧಿ ಅಗೆಯುವವರು ರಾತ್ರಿ ಕಲ್ಲುಗಳ ಬುಡಕ್ಕೆ ಬರುವುದುಂಟು, ಜನಕ್ಕೆ ಅನುಮಾನ ಬರುವುದು ಸಹಜ. ಆಮೇಲೆ ವೈರ್‌ಲೆಸ್ ಟ್ರಿಗರ್ ಹಾಕಿದ ಫ್ಲ್ಯಾಷನ್ನು ಕಲ್ಲಿನ ಮೈಗೆ ಹತ್ತು ಹದಿನೈದು ಡಿಗ್ರಿ ಓರೆಯಲ್ಲಿ ಹಿಡಿದು ಎಡ, ಮೇಲು, ಬಲ, ಕೆಳಗು ಹೀಗೆ ಸುತ್ತ ಹೋಗುತ್ತೇವೆ. ಕ್ಯಾಮೆರಾ ಒಂದಿಷ್ಟೂ ಅಲುಗಬಾರದು.

ಎಲ್ಲ ಕಡೆಯಿಂದ ಯಾಕೆ ಅಂದರೆ, ಬೆಳಕು ಹೋಗುವ ದಿಕ್ಕಿನಲ್ಲೇ ಕೊರೆದ ಗೀಟಿಗೆ ನೆರಳು ಬೀಳುವುದಿಲ್ಲ. ಎಡದಿಂದ ಹೊಡೆದರೆ ಅಡ್ಡಗೀಟು ಮಾಯ. ಮೇಲಿನಿಂದ ಹೊಡೆದರೆ ಉದ್ದಗೀಟು ಮಾಯ. ನಮ್ಮ ಅಕ್ಷರಗಳೋ ದುಂಡಗೆ ಇರುವವು. ಒಂದೇ ಅಕ್ಷರದ ಸುತ್ತು ಎಲ್ಲ ದಿಕ್ಕಿಗೂ ತಿರುಗಿರುತ್ತದೆ. ಯಾವ ಕಡೆಯಿಂದ ಬೆಳಕು ಕೊಟ್ಟರೂ ಅಕ್ಷರದ ಒಂದು ತುಂಡು ಕಳೆದುಹೋಗುತ್ತದೆ. ತಲೆಕಟ್ಟು ಎದ್ದು ಬರುವುದು ಮೇಲಿನಿಂದ ಬೆಳಕು ಬಿದ್ದಾಗ. ಒಂದು ವೀರಗಲ್ಲಿನ ಮುಂದೆ ಮೇಷ್ಟ್ರು ಲ್ಯಾಪ್‌ಟಾಪ್ ಹಿಡಿದು ಕೂತು, "ಇದಕ್ಕೆ ಕೊಂಬು ಇದೆಯೋ ಇಲ್ಲವೋ, ಬಲಗಡೆಯಿಂದ ಇನ್ನೊಮ್ಮೆ ಹೊಡೀರಿ" ಎನ್ನುತ್ತಿದ್ದರು. ಹೊಡೆದೆ. ಕೊಂಬು ಇತ್ತು. ಅವರು ಎದ್ದು ನಿಂತು ಕಲ್ಲಿನ ಆ ಜಾಗವನ್ನು ಬೆರಳಿನಿಂದ ಸವರಿ ನೋಡಿದರು. ಬೆರಳಿಗೆ ಏನೂ ತಾಗುತ್ತಿರಲಿಲ್ಲ.

ವೀರಗಲ್ಲಿನಲ್ಲಿ ಶಿಲ್ಪದ ಪಟ್ಟಿಗಳಿಗೆ ಬೇರೆ ಬೆಳಕು ಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಿರುತ್ತಾರೆ. ಮೇಲೆ ಲಿಂಗದ ಮುಂದೆ ಅವನು ಕೂತಿರುತ್ತಾನೆ, ತುದಿಯಲ್ಲಿ ಸೂರ್ಯ ಚಂದ್ರ. ಇವು ಉಬ್ಬಿದ ಕೆತ್ತನೆಗಳು. ತೀರಾ ಓರೆಯ ಬೆಳಕು ಹಾಕಿದರೆ ಒಬ್ಬನ ನೆರಳು ಪಕ್ಕದವನನ್ನು ನುಂಗುತ್ತದೆ. ಎಡ ಮೇಲ್ಭಾಗದಿಂದ 30, 40 ಡಿಗ್ರಿ ಹಿಡಿದರೆ ಸರಿ. ಕೆಳಗಿನಿಂದ ಮಾತ್ರ ಹೊಡೆದರೆ ಇನ್ನೊಂದು ತೊಂದರೆ. ಬೆಳಕು ಮೇಲಿನಿಂದ ಬರುತ್ತದೆ ಎಂದೇ ನಮ್ಮ ಕಣ್ಣು ನಂಬಿರುವುದರಿಂದ ಕೊರೆದದ್ದು ಉಬ್ಬಿದಂತೆ, ಉಬ್ಬಿದ್ದು ಕೊರೆದಂತೆ ಕಾಣುತ್ತದೆ. ಅದಕ್ಕೇ ಪ್ರತಿ ಫೈಲಿನ ಹೆಸರಿನಲ್ಲಿ ಬೆಳಕಿನ ದಿಕ್ಕನ್ನೂ ಬರೆಯುತ್ತೇವೆ.

ಇದಕ್ಕಿಂತ ಮುಂದಿನ ವಿಧಾನವೂ ಇದೆ. 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಎಂಬವರು ಹುಟ್ಟುಹಾಕಿದ್ದು. ಕಲ್ಲಿನ ಪಕ್ಕ ಹೊಳೆಯುವ ಎರಡು ಕಪ್ಪು ಗುಂಡು ಇಟ್ಟು, ಹತ್ತಾರು ದಿಕ್ಕಿನಿಂದ ಬೆಳಕು ಹೊಡೆದು ತೆಗೆಯುತ್ತಾರೆ. ಗುಂಡಿನ ಮೇಲಿನ ಹೊಳಪಿನ ಚುಕ್ಕೆಯಿಂದ ಬೆಳಕು ಎಲ್ಲಿಂದ ಬಂತೆಂದು ಸಾಫ್ಟ್‌ವೇರು ಲೆಕ್ಕ ಹಾಕುತ್ತದೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ನಮಗೆ ಬೇಕಾದ ಕಡೆಯಿಂದ ಬೆಳಕು ಬೀಳಿಸಿಕೊಂಡು ಓದಬಹುದು. ಸಾಫ್ಟ್‌ವೇರು ಉಚಿತವಾಗಿ ಸಿಗುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡಿಡುತ್ತಿದ್ದಾರೆ. ಆ ಯಂತ್ರ ನಮ್ಮ ಕೈಗೆಟಕುವುದಲ್ಲ. ಕಪ್ಪು ಗುಂಡಿನ ವಿಧಾನ ಎಟಕುತ್ತದೆ. ದಾರ ಕಟ್ಟಿ ಫ್ಲ್ಯಾಷಿನ ದೂರವನ್ನು ಪ್ರತಿ ಸಲವೂ ಒಂದೇ ಇಟ್ಟುಕೊಂಡರಾಯಿತು.

ಇದೇ ಮೇಷ್ಟ್ರ ಮೂಲಕ ಒಂದು ಮನೆಯ ತಾಳೆಗರಿ ಕಟ್ಟು ನೋಡುವ ಅವಕಾಶ ಬಂತು. ಗರಿಯ ಮೇಲೆ ಕಂಟ ಎಂಬ ಮೊನಚು ಕಬ್ಬಿಣದ ಕಡ್ಡಿಯಿಂದ ಗೀರಿ ಬರೆದು, ಮಸಿ ತಿಕ್ಕಿರುತ್ತಾರೆ. ಮಸಿ ಉಳಿದಿರುವ ಗರಿಗೆ ಪಾಸ್‌ಪೋರ್ಟ್ ಫೋಟೋದ ಬೆಳಕೇ ಸರಿ. ಎರಡೂ ಕಡೆ 45 ಡಿಗ್ರಿ, ನೆರಳಿಲ್ಲದಂತೆ. ಮಸಿ ಹೋಗಿ ಬರೀ ಗೀರು ಉಳಿದಿರುವ ಗರಿಗೆ ಶಾಸನದ ಬೆಳಕು, ಒಂದು ಕಡೆಯಿಂದ, ಗರಿಯನ್ನು ಸವರುವಂತೆ. ಒಂದೇ ಕಟ್ಟಿನೊಳಗೆ ಎರಡೂ ಬೇಕಾಯಿತು. ಅವತ್ತು ಪ್ರತಿ ಗರಿ ಎತ್ತುವಾಗಲೂ ಯಾವ ಬೆಳಕು ಎಂದು ನಾನೇ ತೀರ್ಮಾನ ಮಾಡಬೇಕಿತ್ತು. ಇಷ್ಟು ವರ್ಷ ಕಲಿತದ್ದೆಲ್ಲ ಒಂದೇ ಮೇಜಿನ ಮೇಲೆ ಬಂದು ಕೂತ ಹಾಗೆ ಅನಿಸಿತು.

ಆಳೆತ್ತರಕ್ಕಿಂತ ದೊಡ್ಡ ಕಲ್ಲುಗಳ ವಿಷಯ ಬೇರೆ. ಅವಕ್ಕೆ ಫ್ಲ್ಯಾಷ್ ಒಗ್ಗುವುದಿಲ್ಲ. ಹತ್ತಿರದ ಅಂಚು ಬೆಳ್ಳಗೆ ಉರಿದು ದೂರದ ಅಂಚು ಕತ್ತಲಾಗುತ್ತದೆ. ಅಷ್ಟು ದೂರದಿಂದ ಸಮನಾಗಿ ಬೆಳಕು ಕೊಡುವವನು ಸೂರ್ಯನೊಬ್ಬನೇ. ಹಾಗಾಗಿ ಮೇಷ್ಟ್ರು ಮತ್ತು ನಾನು ಕೂತು ಯಾವ ಕಲ್ಲು ಯಾವ ದಿಕ್ಕಿಗೆ ನೋಡುತ್ತದೆ ಎಂದು ಪಟ್ಟಿ ಮಾಡಿದೆವು. ಪೂರ್ವದ ಕಲ್ಲಿಗೆ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ. ಪಶ್ಚಿಮದ್ದಕ್ಕೆ ಸ್ವಲ್ಪ ಆಮೇಲೆ. ದಕ್ಷಿಣದ್ದಕ್ಕೆ ಮಾರ್ಚ್‌ನಿಂದ ಏಪ್ರಿಲ್ ನಡುವಿನವರೆಗಿನ ಮಧ್ಯಾಹ್ನ. ಉತ್ತರಕ್ಕೆ ನೋಡುವ ಕಲ್ಲುಗಳಿಗೆ ಚಳಿಗಾಲದಲ್ಲಿ ಬಿಸಿಲೇ ಇಲ್ಲ. ನಮ್ಮ ಸೀಮೆ 14 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಅದರಲ್ಲಿ ಜೂನ್ ಬಂದರೆ ಮಳೆ, ಮೋಡ. ಉಳಿಯುವುದು ಮೇ ತಿಂಗಳು.

ಮೇ ನಡುವಿನಲ್ಲಿ ಅಂಥ ಒಂದು ಕಲ್ಲಿನ ಮುಂದೆ ಇಡೀ ದಿನ ಕಳೆದೆವು. ಸೂರ್ಯ ಆಗ ನೇರ ಪೂರ್ವದಲ್ಲಿ ಹುಟ್ಟದೆ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಹಾಗಾಗಿ ಬೆಳಿಗ್ಗೆ ಎಡದಿಂದ ಓರೆಬಿಸಿಲು, ಮಧ್ಯಾಹ್ನ ಮೇಲಿನಿಂದ, ಸಂಜೆ ಬಲದಿಂದ. ಫ್ಲ್ಯಾಷ್ ಹಿಡಿದು ನಾವು ಸುತ್ತು ಹಾಕುವ ಕೆಲಸವನ್ನು ಅವನೇ ಮಾಡಿದ. ಕ್ಯಾಮೆರಾ ಒಂದೇ ಕಡೆ ನಿಂತಿತ್ತು. ಪಕ್ಕದ ಹೊಲದವರು ಮಜ್ಜಿಗೆ ತಂದುಕೊಟ್ಟು, ಕಲ್ಲಿನಲ್ಲಿ ಏನು ಬರೆದಿದೆ ಎಂದು ಕೇಳಿದರು. ಚಿಕ್ಕಂದಿನಿಂದ ಆ ಕಲ್ಲಿನ ಮೇಲೆ ಕುಡುಗೋಲು ಮಸೆದವರು ಅವರು. ಮೇಷ್ಟ್ರು ಲ್ಯಾಪ್‌ಟಾಪಿನಲ್ಲಿ ಮೂರು ಹೊತ್ತಿನ ಫೋಟೋ ಪಕ್ಕಪಕ್ಕ ಇಟ್ಟು, ದಾನ ಕೊಟ್ಟ ಭೂಮಿಯನ್ನು ಕಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ ಬರುತ್ತದೆ ಎಂಬ ಸಾಲನ್ನು ಓದಿ ಹೇಳಿದರು. ಅವರು ಎರಡು ಸಲ ಓದಿಸಿಕೊಂಡು, ಕುಡುಗೋಲು ಮಸೆಯಲು ಬೇರೆ ಕಲ್ಲು ನೋಡುತ್ತೇವೆ ಎಂದರು.

ಈಗ ಪ್ರತಿ ಕಲ್ಲಿಗೂ ಒಂದು ಫೋಲ್ಡರ್ ಇದೆ. ಅದರಲ್ಲಿ ಊರು, ಜಿಪಿಎಸ್, ಕಲ್ಲು ನೋಡುವ ದಿಕ್ಕು, ಎತ್ತರ ಅಗಲ, ತೆಗೆದ ದಿನ ಮತ್ತು ಹೊತ್ತು, ಬೆಳಕಿನ ದಿಕ್ಕು. ತಿದ್ದದ ಮೂಲ ಫೈಲು ಬೇರೆ, ಓದಲು ಹದ ಮಾಡಿದ್ದು ಬೇರೆ. ಒಂದು ಪ್ರತಿ ಮೇಷ್ಟ್ರ ಹತ್ತಿರ, ಒಂದು ನನ್ನ ಹತ್ತಿರ, ಇನ್ನೊಂದು ಆಯಾ ಊರಿನ ಶಾಲೆಗೆ. ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆದು ಸ್ಟೂಲನ್ನು ಪರದೆಯಿಂದ ನಾಲ್ಕು ಅಡಿ ಮುಂದಕ್ಕೆ ಎಳೆದು ಇಡುವುದು ಈಗಲೂ ನಡೆಯುತ್ತಿದೆ. ಮನೆ ನಡೆಯುವುದು ಅದರಿಂದ. ಕಲ್ಲಿನ ಕೆಲಸ ಭಾನುವಾರಕ್ಕೆ. ಉತ್ತರದಿಕ್ಕಿನ ಪಟ್ಟಿಯಲ್ಲಿ ಇನ್ನೂ ಬಹಳಷ್ಟು ಉಳಿದಿವೆ. ಬರುವ ಮೇ ತಿಂಗಳ ಭಾನುವಾರಗಳಿಗೆ ಮದುವೆ ಆರ್ಡರ್ ಹಿಡಿದಿಲ್ಲ.